ಸ್ಲಡ್ಜ್ (ಕೊಳಚೆ ಕೆಸರು) ಮತ್ತು ಮನೆ ಕಸ ಒಟ್ಟಿಗೆ ಸುಡುದು ಹೇಗೆ? ಮೊದಲು ನೀರಿನ ಲೆಕ್ಕ ಹಾಕಿ

ಆಟಿ ತಿಂಗಳ ಮಳೆಯಲ್ಲಿ ಬಚ್ಚಲು ಒಲೆಗೆ ಬೆಂಕಿ ಹಾಕಿ ಗೊತ್ತಿರುವವರಿಗೆ ಇದರಲ್ಲಿ ಅರ್ಧ ವಿಷಯ ಮೊದಲೇ ಗೊತ್ತುಂಟು. ಅಂಗಳದಲ್ಲಿ ನೆನೆದ ತೆಂಗಿನ ಸಿಪ್ಪೆ ತಂದು ತುರುಕಿದ್ರೆ ಒಲೆ ಉರಿಯುದಿಲ್ಲ, ಹೊಗೆ ಮಾತ್ರ, ಊದಿ ಊದಿ ಕಣ್ಣಲ್ಲಿ ನೀರು ಬರ್ತದೆ, ಹಂಡೆ ತಣ್ಣಗೇ ಇರ್ತದೆ. ಅದೇ ಸಿಪ್ಪೆ ಒಲೆ ಮೇಲಿನ ಅಟ್ಟದಲ್ಲಿ ಹದಿನೈದು ದಿನ ಕೂತು ಇಳಿದ್ರೆ ಒಂದೇ ಕಡ್ಡಿಗೆ ಹಿಡೀತದೆ. ಸಿಪ್ಪೆ ಅದೇ, ನೀರು ಮಾತ್ರ ಇಲ್ಲ. ಇಷ್ಟನ್ನು ತಲೆಯಲ್ಲಿ ಇಟ್ಕೊಂಡು ಮುಂದೆ ಓದಿ.

ಮೊನ್ನೆ ನಮ್ಮ ವಾರ್ಡ್ ಮೆಂಬರ್ ಫೋನ್ ಮಾಡಿದ್ರು. "ಅಣ್ಣಾ, ಟಾಯ್ಲೆಟ್ ಟ್ಯಾಂಕರ್‌ನ ಕೆಸರು ಮತ್ತೆ ಮನೆ ಕಸ ಒಟ್ಟಿಗೆ ಸುಟ್ರೆ ಕರೆಂಟ್ ಉಳೀತದಂತೆ, ಒಬ್ರು ಬಂದು ಪವರ್‌ಪಾಯಿಂಟ್ ತೋರಿಸಿ ಹೋದ್ರು, ಎರಡೂ ತಲೆನೋವು ಒಂದೇ ಸಲ ಹೋಗ್ತದಂತೆ, ಹೌದಾ?" ಅಂತ. ನಾನು ಹನ್ನೊಂದು ವರ್ಷ ಗಲ್ಫಲ್ಲಿ ಕಸ ಸುಡುವ ಪ್ಲಾಂಟ್ ಒಂದರ ಕಂಟ್ರೋಲ್ ರೂಮಲ್ಲಿ ಶಿಫ್ಟ್ ಮಾಡಿದವ, ಈಗ ಕಾಸರಗೋಡಿನ ಬದಿಯಡ್ಕದ ಹತ್ರ ಅಡಿಕೆ, ರಬ್ಬರ್ ನೋಡ್ಕೊಂಡು ಇದ್ದೇನೆ, ಹಾಗಾಗಿ ಊರಲ್ಲಿ ಹೊಗೆ ಎಲ್ಲಿ ಕಂಡ್ರೂ ಫೋನ್ ನನಗೆ. ಅವರಿಗೆ ಹೇಳಿದೆ, ಹೌದು, ಉಳೀತದೆ, ಆದ್ರೆ ಲೆಕ್ಕ ಮಾಡಿ ಸುಟ್ರೆ ಮಾತ್ರ, ಮೊದಲು ಆ ಟ್ಯಾಂಕರಿನಿಂದ ಒಂದು ಬಾಟ್ಲಿ ಕೆಸರು ತನ್ನಿ ಅಂತ. ಅವರಿಗೆ ಫೋನಲ್ಲಿ ಹೇಳಿ ಮುಗಿಯದ್ದು ಇಲ್ಲಿ ಬರೀತಾ ಇದ್ದೇನೆ, ಪಂಚಾಯತ್ ಕಮಿಟಿಯಲ್ಲಿ ಇರುವವರಿಗೆ, ಕೊಳಚೆ ನೀರು ಶುದ್ಧ ಮಾಡುವ ಎಸ್‌ಟಿಪಿಯಲ್ಲಿ ಕೆಲಸ ಮಾಡುವ ಹುಡುಗರಿಗೆ, ಇಂಥ ಪ್ರಪೋಸಲ್ ಕೈಗೆ ಬಂದವರಿಗೆ ಉಪಯೋಗ ಆಗಬಹುದು.

ಒಂದು ಮಾತು ಈಗಲೇ. ಇದು ಹಿತ್ತಲಲ್ಲಿ ಗುಂಡಿ ತೋಡಿ ಮಾಡುವ ಕೆಲಸ ಅಲ್ಲ. ಪ್ಲಾಸ್ಟಿಕ್ ಬಯಲಲ್ಲಿ ಸುಡುದು ಕೇರಳದಲ್ಲಿ ದಂಡ ಬೀಳುವ ಅಪರಾಧ, ಅದು ಬಿಡಿ, ಆ ಹೊಗೆ ಮೊದಲು ಹೋಗುದು ನಿಮ್ಮದೇ ಮಕ್ಕಳ ಮೂಗಿಗೆ. 2023 ಮಾರ್ಚ್ 2ಕ್ಕೆ ಕೊಚ್ಚಿಯ ಬ್ರಹ್ಮಪುರಂನಲ್ಲಿ ಕಸದ ಗುಡ್ಡೆಗೆ ಬೆಂಕಿ ಹಿಡಿದು ದಿನಗಟ್ಟಲೆ ಹೊಗೆಯಾಡಿದ್ದು ನೆನಪಿರಬಹುದು, ಅದೂ ಕಸ ಸುಟ್ಟದ್ದೇ, ನಾನು ಹೇಳುದೂ ಕಸ ಸುಡುದೇ, ಆದ್ರೆ ಒಂದಕ್ಕೊಂದು ಸಂಬಂಧ ಇಲ್ಲ.

ಯಾವ ಸ್ಲಡ್ಜ್ ಅಂತ ಮೊದಲು ಕೇಳಿ

ಸ್ಲಡ್ಜ್ ಅಂದ್ರೆ ಒಂದೇ ಸಾಮಾನು ಅಲ್ಲ. ನಮ್ಮಲ್ಲಿ ಮನೆ ಮನೆಗೂ ಸೆಪ್ಟಿಕ್ ಟ್ಯಾಂಕ್ ಅಥವಾ ಗುಂಡಿ, ಟ್ಯಾಂಕರಿನವ ಎಳ್ಕೊಂಡು ಹೋಗುದು ವರ್ಷಗಟ್ಟಲೆ ಒಳಗೇ ಕೊಳೆತ ಕೆಸರು, ಅದರ ಕಾವು ಅರ್ಧ ಟ್ಯಾಂಕಿನೊಳಗೇ ಗ್ಯಾಸ್ ಆಗಿ ಹೋಗಿರ್ತದೆ. ದೊಡ್ಡ ಊರಿನ ಚರಂಡಿ ನೀರು ಶುದ್ಧ ಮಾಡುವ ಪ್ಲಾಂಟಿಂದ ದಿನ ದಿನ ಬರುವ ತಾಜಾ ಸ್ಲಡ್ಜ್ ಬೇರೆ, ಅದರಲ್ಲಿ ಉರಿಯುವ ಅಂಶ ಜಾಸ್ತಿ. ಮೂರನೆಯದ್ದು ಡೈಜೆಸ್ಟರಿಗೆ, ಅಂದ್ರೆ ಗಾಳಿ ಇಲ್ಲದೆ ಕೊಳೆಸುವ ಟ್ಯಾಂಕಿಗೆ, ಹಾಕಿ ಬಯೋಗ್ಯಾಸ್ ತೆಗೆದು ಉಳಿದದ್ದು, ಇದೂ ಕಾವು ಕಡಿಮೆ, ಯಾಕಂದ್ರೆ ಗ್ಯಾಸ್ ರೂಪದಲ್ಲಿ ಆಗಲೇ ಬಳಸಿ ಆಯ್ತು. ಪ್ರಪೋಸಲ್ ತಂದವರು ತಾಜಾ ಸ್ಲಡ್ಜಿನ ಕ್ಯಾಲರಿ ತೋರಿಸಿ ಟ್ಯಾಂಕರಿನ ಕೆಸರು ಸುಡುವ ಪ್ಲಾನ್ ಕೊಟ್ಟರೆ ಅಲ್ಲಿಗೇ ಲೆಕ್ಕ ತಪ್ಪಿತು ಅಂತ ಅರ್ಥ.

ಸುಣ್ಣ ಹಾಕಿದ್ದಾರಾ ಅಂತಲೂ ಕೇಳಿ. ಕೆಲವು ಕಡೆ ವಾಸನೆ ಕಡಿಮೆ ಮಾಡ್ಲಿಕ್ಕೆ, ಬೇಗ ಹಿಂಡ್ಲಿಕ್ಕೆ ಸುಣ್ಣ ಸುರೀತಾರೆ, ಗೊಬ್ಬರಕ್ಕಾದ್ರೆ ಸರಿ, ಸುಡ್ಲಿಕ್ಕಾದ್ರೆ ನೀವು ದುಡ್ಡು ಕೊಟ್ಟು ಬೂದಿ ಸೇರಿಸಿದ ಹಾಗೆ. ಸುಡುವ ಸ್ಲಡ್ಜಿಗೆ ನೀರು ಬಿಡಿಸುವ ಪಾಲಿಮರ್ ಮದ್ದು ಹಾಕಿ ಹಿಂಡುದು ಒಳ್ಳೇದು.

ಎರಡು ಟೆಸ್ಟ್, ಎರಡೇ ಸಾಕು

ಒಂದನೆಯದ್ದು ನೀರಿನ ಟೆಸ್ಟ್. ಗುಡ್ಡೆಯ ಐದಾರು ಕಡೆಯಿಂದ, ಮೇಲಿಂದ ಮಾತ್ರ ಅಲ್ಲ ಒಳಗಿಂದಲೂ, ಸ್ವಲ್ಪ ಸ್ವಲ್ಪ ತೆಗೆದು ಬೆರೆಸಿ, ಗ್ಲೌಸ್ ಹಾಕದೆ ಮುಟ್ಟಬೇಡಿ, ಇದರಲ್ಲಿ ಹುಳದ ಮೊಟ್ಟೆಯಿಂದ ಹಿಡಿದು ಎಲ್ಲಾ ಉಂಟು. 100 ಗ್ರಾಂ ತೂಗಿ 105 ಡಿಗ್ರಿಯ ಓವನ್ನಲ್ಲಿ ಇಡಿ, ತೂಕ ಇನ್ನು ಇಳಿಯುದಿಲ್ಲ ಅನ್ನುವ ತನಕ, ಸಾಮಾನ್ಯ ಒಂದು ರಾತ್ರಿ ಪೂರ್ತಿ ಬೇಕು. 20 ಗ್ರಾಂ ಉಳಿದ್ರೆ ಶೇಕಡಾ 20 ಒಣ ಅಂಶ, ಉಳಿದ 80 ನೀರು. ಮನೆಯ ಕೇಕ್ ಓವನ್ನಲ್ಲಿ ಮಾಡ್ತೇನೆ ಅಂತ ಹೊರಡಬೇಡಿ, ಆಮೇಲೆ ಆ ಓವನ್ ಎಸೀಬೇಕಾಗ್ತದೆ, ಮನೆಯವರು ನಿಮ್ಮನ್ನೂ ಸೇರಿಸಿ.

ಎರಡನೆಯದ್ದಕ್ಕೆ ಕಾಲೇಜ್ ಲ್ಯಾಬ್ ಬೇಕು. ಆ ಒಣಗಿದ್ದನ್ನು ಮಫಲ್ ಫರ್ನೇಸ್ ಅನ್ನುವ ಸಣ್ಣ ಕುಲುಮೆಯಲ್ಲಿ 550 ಡಿಗ್ರಿಗೆ ಸುಟ್ಟು ಎಷ್ಟು ಹೋಯ್ತು ಎಷ್ಟು ಬೂದಿ ಉಳೀತು ಅಂತ ನೋಡುದು. ಹೋದ ಭಾಗವೇ ಉರಿಯುವ ಭಾಗ. ತಾಜಾ ಸ್ಲಡ್ಜಲ್ಲಿ ಅದು ಒಣ ತೂಕದ ಶೇಕಡಾ 60ರಿಂದ 75 ಇರ್ತದೆ, ಡೈಜೆಸ್ಟರಿಂದ ಬಂದದ್ದರಲ್ಲಿ 50ರ ಆಸುಪಾಸು. ಉರಿಯುವ ಭಾಗದ ಒಂದು ಕಿಲೋಗೆ ಸುಮಾರು 5,400 ಕಿಲೋಕ್ಯಾಲರಿ ಅಂತ ಗುಣಿಸಿದ್ರೆ ಒಣ ಸ್ಲಡ್ಜಿನ ಕಾವು ಅಂದಾಜಿಗೆ ಸಿಗ್ತದೆ. 65 ಪರ್ಸೆಂಟ್ ಇದ್ರೆ ಕಿಲೋಗೆ 3,500, 50 ಇದ್ರೆ 2,700. ಕಾವು ನೇರ ಅಳೆಯುವ ಬಾಂಬ್ ಕ್ಯಾಲರಿಮೀಟರ್ ಇದ್ದ ಲ್ಯಾಬಲ್ಲಿ ಮಾಡಿಸಿದ್ರೆ ಇನ್ನೂ ಸರಿಯಾಗಿ ಗೊತ್ತಾಗ್ತದೆ, ಆದ್ರೆ ಪ್ರಪೋಸಲ್ ಸುಳ್ಳಾ ಸತ್ಯವಾ ಅಂತ ನೋಡ್ಲಿಕ್ಕೆ ಈ ಅಂದಾಜು ಧಾರಾಳ.

3,500 ಅಂದ್ರೆ ಸಣ್ಣದಲ್ಲ ಮಾರಾಯ್ರೆ, ಒಣ ಕಟ್ಟಿಗೆಯ ಹತ್ರ ಹತ್ರ. ಎಲ್ಲರೂ ಮೋಸ ಹೋಗುದು ಇಲ್ಲಿಯೇ. ಸ್ಲೈಡಲ್ಲಿ "ಸ್ಲಡ್ಜ್ ಒಳ್ಳೆ ಇಂಧನ" ಅಂತ ದೊಡ್ಡ ಅಕ್ಷರದಲ್ಲಿ ಬರೀತಾರೆ, "ಒಣಗಿದ ಮೇಲೆ" ಅನ್ನುದು ಕೆಳಗೆ ಇರುವೆ ಸೈಜಲ್ಲಿ.

ಈಗ ನೀರಿನ ಲೆಕ್ಕ

ಒಂದು ಕಿಲೋ ನೀರನ್ನು ಮಾಮೂಲಿ ಬಿಸಿಯಿಂದ 100 ಡಿಗ್ರಿಗೆ ತಂದು ಪೂರ್ತಿ ಆವಿ ಮಾಡ್ಲಿಕ್ಕೆ ಸುಮಾರು 600 ಕಿಲೋಕ್ಯಾಲರಿ ಬೇಕು, ಅದರಲ್ಲಿ 540 ಆವಿ ಮಾಡ್ಲಿಕ್ಕೇ ಹೋಗುದು. ಹಿಂಡಿ ಬಂದ ಸ್ಲಡ್ಜಿಗೆ ಪ್ಲಾಂಟಲ್ಲಿ ಕೇಕ್ ಅಂತಾರೆ, ಆ ಕೇಕ್ ಒಂದು ಟನ್ನು ತಗೊಳ್ಳಿ, ಒಣ ಅಂಶ ಶೇಕಡಾ 20. ಅಂದ್ರೆ 200 ಕಿಲೋ ಒಣ ಸಾಮಾನು, 800 ಕಿಲೋ ನೀರು. ಒಣದ್ದರ ಕಾವು 200 ಗುಣಿಸು 3,500, ಒಟ್ಟು 7 ಲಕ್ಷ ಕಿಲೋಕ್ಯಾಲರಿ. ನೀರು ಓಡಿಸ್ಲಿಕ್ಕೆ 800 ಗುಣಿಸು 600, 4.8 ಲಕ್ಷ. ಕೈಯಲ್ಲಿ ಉಳಿದದ್ದು 2.2 ಲಕ್ಷ, ಒಂದು ಟನ್ನು ಹೊತ್ತು ತಂದು, ಪಂಪ್ ಮಾಡಿ, ಸುಟ್ಟು, ಬೂದಿ ಎತ್ತಿದ್ದಕ್ಕೆ. ಇದೇ ಹಳೇ ಕೊಳೆತ ಸ್ಲಡ್ಜ್ ಆದ್ರೆ 5.4 ಲಕ್ಷದಲ್ಲಿ 4.8 ಕಳೆದು ಉಳಿಯುದು 60 ಸಾವಿರ.

ಅಷ್ಟಕ್ಕೇ ಮುಗಿಯುದಿಲ್ಲ. ಫರ್ನೇಸ್ 100 ಡಿಗ್ರಿಯಲ್ಲಿ ಇರುದಿಲ್ಲ, 850ರ ಮೇಲೆ ಇರಬೇಕು. ಆ ಆವಿಯನ್ನು 850ಕ್ಕೆ ಏರಿಸ್ಲಿಕ್ಕೆ ಕಿಲೋಗೆ ಇನ್ನೊಂದು 400 ಹತ್ರ ಹೋಗ್ತದೆ, ಅದರಲ್ಲಿ ಸ್ವಲ್ಪ ಆಮೇಲೆ ಬಾಯ್ಲರಲ್ಲಿ ವಾಪಸ್ ಸಿಗ್ತದೆ ಹೌದು, ಆದ್ರೆ ಫರ್ನೇಸಿಗೆ ಅದು ಸಾಲ, ಆ ಹೊತ್ತಿಗೆ ಯಾರಾದ್ರೂ ಕೊಡಲೇಬೇಕು. 800 ಕಿಲೋಗೆ 3.2 ಲಕ್ಷ ಸಾಲ, ನಿಮ್ಮ ಹತ್ರ ಇದ್ದದ್ದು 2.2. ಅದಕ್ಕೇ 20 ಪರ್ಸೆಂಟಿನ ಕೇಕ್ ಒಂಟಿಯಾಗಿ ಉರಿಯುದಿಲ್ಲ, ಕಸದ ಹೆಗಲ ಮೇಲೆ ಕೂತು ಉರೀತದೆ.

ಅದೇ ಟನ್ನನ್ನು ಫರ್ನೇಸಿಗೆ ಹಾಕುವ ಮೊದಲು ಇನ್ನೊಂದು ಸಲ ಚೆನ್ನಾಗಿ ಹಿಂಡಿ ಶೇಕಡಾ 30ಕ್ಕೆ ತಂದ್ರಿ ಅಂತ ಇಟ್ಕೊಳ್ಳಿ. 1,000 ಕಿಲೋ ಇದ್ದದ್ದು 667 ಕಿಲೋ ಆಯ್ತು, ಒಣ ಅಂಶ ಅದೇ 200, ನೀರು 467. ನೀರಿಗೆ ಹೋಗುದು 2.8 ಲಕ್ಷ, ಉಳಿಯುದು 4.2 ಲಕ್ಷ. ಹತ್ತೇ ಪರ್ಸೆಂಟ್ ಹಿಂಡಿದ್ದಕ್ಕೆ ಲಾಭ ಹೆಚ್ಚುಕಡಿಮೆ ಡಬಲ್! ಒಂದು ಟನ್ನು ನೀರು ಆವಿ ಮಾಡ್ಲಿಕ್ಕೆ 700 ಯೂನಿಟ್ ಕರೆಂಟಿಗೆ ಸಮನಾದ ಬಿಸಿ ಬೇಕು, ಮೆಷಿನಲ್ಲಿ ಹಿಂಡಿ ತೆಗೀಲಿಕ್ಕೆ ಅದರ ಮುಂದೆ ಏನೂ ಅಲ್ಲ. ಒಗೆದ ಬೆಡ್‌ಶೀಟ್ ಹಿಂಡದೆ ಒಲೆ ಮೇಲೆ ಹರಡಿ ಒಣಗಿಸುವವರು ಯಾರಾದ್ರೂ ಇದ್ದಾರಾ. ಆದ್ರೆ ದುಡ್ಡು ಉಳಿಸುದು ಅಂತ ಹಳೇ ಬೆಲ್ಟ್ ಪ್ರೆಸ್ ಇಟ್ಕೊಂಡು, ಕೋಟಿಗಟ್ಟಲೆಯ ಫರ್ನೇಸ್ ತರುವವರು ಮಾತ್ರ ಇದ್ದಾರೆ. ನನ್ನ ಕೇಳಿದ್ರೆ ಮೊದಲ ರೂಪಾಯಿ ಹಿಂಡುವ ಮೆಷಿನಿಗೆ, ಒಳ್ಳೆ ಸೆಂಟ್ರಿಫ್ಯೂಜ್ ಅಥವಾ ಫಿಲ್ಟರ್ ಪ್ರೆಸ್, ಉಳಿದದ್ದು ಆಮೇಲೆ.

ಕಸ ಎಷ್ಟು ಭಾರ ಹೊರ್ತದೆ

ಈಗ ಆಚೆ ತಟ್ಟೆ, ಮನೆ ಕಸ. ಕಸ ತನ್ನಷ್ಟಕ್ಕೆ ಡೀಸೆಲ್ ಇಲ್ಲದೆ ಉರೀಬೇಕಾದ್ರೆ ವರ್ಷದ ಸರಾಸರಿ ಕಾವು ಕಿಲೋಗೆ 1,670 ಕಿಲೋಕ್ಯಾಲರಿ ಹತ್ರ ಬೇಕು, ಯಾವ ಸೀಸನಲ್ಲೂ 1,430ಕ್ಕಿಂತ ಕೆಳಗೆ ಬೀಳಬಾರ್ದು, ಇದು ವಿಶ್ವಬ್ಯಾಂಕ್ 1999ರಲ್ಲಿ ಕೊಟ್ಟ ಗೈಡಲ್ಲಿ ಇರುವ ಲೆಕ್ಕ, ಈಗಲೂ ಎಲ್ಲರೂ ಅದನ್ನೇ ಹಿಡೀತಾರೆ. ನಮ್ಮ ದೇಶದ 2016ರ ಘನತ್ಯಾಜ್ಯ ನಿಯಮವೂ 1,500 ಅಥವಾ ಅದಕ್ಕಿಂತ ಜಾಸ್ತಿ ಕಾವಿರುವ, ಮರುಬಳಕೆ ಆಗದ ಕಸವನ್ನು ಗುಂಡಿಗೆ ಹಾಕಬೇಡಿ, ಶಕ್ತಿಗೆ ಬಳಸಿ ಅಂತ ಹೇಳಿದ್ದು.

ನಿಮ್ಮ ಕಸ ಕಿಲೋಗೆ 2,000 ಉಂಟು ಅಂತ ಇಟ್ಕೊಳ್ಳಿ, ಅಂದ್ರೆ ಹಸಿ ಕಸ ಬೇರೆ ಮಾಡಿ ಆಗಿದೆ. 90 ಕಿಲೋ ಕಸಕ್ಕೆ 20 ಪರ್ಸೆಂಟಿನ ಕೇಕ್ 10 ಕಿಲೋ ಸೇರಿಸಿದ್ರೆ ಬೆರಕೆಯ ಕಾವು 1,820, ಪಾಸ್. 80ಕ್ಕೆ 20 ಸೇರಿಸಿದ್ರೆ 1,640, ಸರಾಸರಿ ಗೆರೆಯ ಕೆಳಗೆ. ಅದೇ 80ಕ್ಕೆ 20, ಆದ್ರೆ 30 ಪರ್ಸೆಂಟಿಗೆ ಹಿಂಡಿದ ಕೇಕ್ ಆದ್ರೆ 1,720, ಪಾಸ್. ಗಮನಿಸಿ, ಮೊದಲ ಬೆರಕೆಯಲ್ಲಿ ಹೋದ ಒಣ ಸ್ಲಡ್ಜ್ 2 ಕಿಲೋ, ಕೊನೆಯದ್ದರಲ್ಲಿ 6 ಕಿಲೋ. ಚೆನ್ನಾಗಿ ಹಿಂಡಿದ್ದಕ್ಕೆ ಅದೇ ಫರ್ನೇಸ್ ಮೂರು ಪಟ್ಟು ಸ್ಲಡ್ಜ್ ನುಂಗಿತು.

ಕಸ 1,500ರದ್ದು ಆದ್ರೆ? ಹತ್ತು ಪರ್ಸೆಂಟ್ ಹಸಿ ಕೇಕ್ ಸೇರಿಸಿದ ಕೂಡ್ಲೇ 1,370ಕ್ಕೆ ಬೀಳ್ತದೆ, ಕಥೆ ಮುಗೀತು, ಡೀಸೆಲ್ ಬರ್ನರ್ ಉರಿಸಬೇಕು. ಬಾಳೆಹಣ್ಣಿನ ಸಿಪ್ಪೆ, ಮೀನಿನ ತಲೆ, ಗಂಜಿ ತಿಳಿ ಎಲ್ಲ ಒಂದೇ ಚೀಲದಲ್ಲಿ ಬರುವ ಕಸ ಇದಕ್ಕಿಂತಲೂ ಕೆಳಗೆ ಇರಬಹುದು. ಮತ್ತೆ ಜೂನಲ್ಲಿ ನಮ್ಮ ಮಳೆ ಶುರುವಾದ್ರೆ ತೆರೆದ ಲಾರಿಯಲ್ಲಿ ಬರುವ ಕಸ ತಾನೇ ಒಂದು ನಮೂನೆ ಸ್ಲಡ್ಜ್. ಅದಕ್ಕೆ ಬೆರಕೆಯ ಲೆಕ್ಕ ಮಾರ್ಚ್ ತಿಂಗಳ ಕಸದಲ್ಲಿ ಮಾಡಬೇಡಿ, ಜುಲೈಯದ್ದರಲ್ಲಿ ಮಾಡಿ. ಪ್ರಪೋಸಲಲ್ಲಿ ಸ್ಯಾಂಪಲ್ ಯಾವ ತಿಂಗಳಲ್ಲಿ ತೆಗೆದದ್ದು ಅಂತ ಕೇಳಿದ್ರೇ ಸಾಕು, ಹೆಚ್ಚಿನವರ ಮುಖ ಸಣ್ಣ ಆಗ್ತದೆ.

ಒಣಗಿಸುದು, ಅಟ್ಟದ ಹಾಗೆ

ಹಿಂಡಿ ಹಿಂಡಿ 30ರ ಮೇಲೆ ಹೋಗುದು ಕಷ್ಟ, ಅಲ್ಲಿಂದ ಮುಂದೆ ಬಿಸಿಯೇ ಬೇಕು. ಬಿಸಿ ಎಲ್ಲಿಂದ ಅನ್ನುದೇ ಇಡೀ ವಿಷಯದ ಬೇರು. ಡ್ರೈಯರಿಗೆ ಒಂದು ಕಿಲೋ ನೀರು ತೆಗೀಲಿಕ್ಕೆ ನಷ್ಟ ಎಲ್ಲ ಸೇರಿ 700ರಿಂದ 850 ಕಿಲೋಕ್ಯಾಲರಿ ಹೋಗ್ತದೆ. ನಮ್ಮ ಒಂದು ಟನ್ನು ಕೇಕನ್ನು 90 ಪರ್ಸೆಂಟಿಗೆ ಒಣಗಿಸ್ಲಿಕ್ಕೆ 780 ಕಿಲೋ ನೀರು ತೆಗೀಬೇಕು, 5.8 ಲಕ್ಷ ಹತ್ರ ಖರ್ಚು, ಸಿಗುದು 6.9 ಲಕ್ಷ. ಡೀಸೆಲ್ ಹಾಕಿ ಒಣಗಿಸಿದ್ರೆ ಬಲಗೈಯಿಂದ ಎಡಗೈಗೆ ದುಡ್ಡು ದಾಟಿಸಿ ಎಣಿಸಿದ ಹಾಗೆ.

ಆದ್ರೆ ಒಲೆಯ ಮೇಲೆ ಅಟ್ಟ ಯಾಕೆ ಕಟ್ತಾರೆ ನಮ್ಮವರು? ಹೇಗೂ ಮೇಲೆ ಹೋಗುವ ಬಿಸಿ, ಮುಂದಿನ ವಾರದ ಕಟ್ಟಿಗೆ ಒಣಗಿಸ್ಲಿ ಅಂತ. ಕಸ ಸುಡುವ ಪ್ಲಾಂಟಲ್ಲೂ ಹಾಗೇ, ಟರ್ಬೈನಿಂದ ಹೊರಬರುವ ಹಬೆಯಲ್ಲಿ, ಹೊಗೆಯಲ್ಲಿ ಬೇಕಾದಷ್ಟು ಬಿಸಿ ಉಂಟು, ಅದರಿಂದ ಕರೆಂಟ್ ತೆಗೀಲಿಕ್ಕೆ ಆಗುದಿಲ್ಲ, ಆದ್ರೆ 80-90 ಡಿಗ್ರಿಯ ಬಿಸಿ ನೀರು ಮಾಡಿ ಬೆಲ್ಟ್ ಡ್ರೈಯರಿಗೆ ಕೊಡಬಹುದು. ಆಗ ಮಾತ್ರ ಆ 5.8 ಲಕ್ಷ ಪುಕ್ಕಟೆ, ಸಿಗುವ 6.9 ಲಕ್ಷ ನಿಜವಾದ ಲಾಭ. ಇಲ್ಲಿ ರಬ್ಬರ್ ಶೀಟಿಗೆ ಹೊಗೆಗೂಡು ಇರುವವರಿಗೆ ಇದನ್ನು ಬಿಡಿಸಿ ಹೇಳುದು ಬೇಡ.

ಒಂದು ಎಚ್ಚರಿಕೆ, ಅನುಭವದ್ದು. ಸ್ಲಡ್ಜ್ ಒಣಗ್ತಾ ಒಣಗ್ತಾ 45ರಿಂದ 65 ಪರ್ಸೆಂಟಿನ ಮಧ್ಯೆ ಹಲಸಿನ ಮೇಣದ ಹಾಗೆ ಆಗ್ತದೆ, ಡ್ರೈಯರಿನ ಶಾಫ್ಟಿಗೆ ಸುತ್ತಿ ಮೋಟಾರ್ ಟ್ರಿಪ್, ನಾವು ಎಷ್ಟು ಸಲ ಒಳಗೆ ಇಳಿದು ಕೆರೆದಿದ್ದೇವೆ ಅಂತ ಲೆಕ್ಕ ಇಲ್ಲ, ಎಣ್ಣೆ ಹಚ್ಚಿಕೊಂಡು ಬಿಡಿಸ್ಲಿಕ್ಕೆ ಇದು ಹಲಸಿನಕಾಯಿಯೂ ಅಲ್ಲ. ಹಾಗಾಗಿ ಒಂದೋ 40ರ ಹತ್ರ ನಿಲ್ಲಿಸಿ, ಇಲ್ಲವೋ ಒಣಗಿದ್ದನ್ನೇ ಸ್ವಲ್ಪ ವಾಪಸ್ ಹಸಿಗೆ ಬೆರೆಸಿ ಆ ಮೇಣದ ಹಂತ ಹಾರಿಸಿ 85ರ ಮೇಲೆ ಹೋಗಿ. ಮನೆ ಕಸದ ಜೊತೆ ಸುಡ್ಲಿಕ್ಕೆ 40 ಸಾಕೋ ಸಾಕು, 90 ಮಾಡುದು ಲಾರಿಯಲ್ಲಿ ದೂರ ಕಳಿಸುವವರಿಗೆ. ಪೂರ್ತಿ ಒಣಗಿದ್ದು ಪುಡಿ ಆಗ್ತದೆ, ಗಾಳಿಯಲ್ಲಿ ಹಾರುವ ಆ ಪುಡಿಗೆ ಕಿಡಿ ತಾಗಿದ್ರೆ ಸ್ಫೋಟ, ಬಿಸಿ ಬಿಸಿ ಗುಡ್ಡೆ ಹಾಕಿದ್ರೆ ಒಳಗಿಂದ ತನ್ನಷ್ಟಕ್ಕೇ ಹೊಗೆ ಏಳ್ತದೆ, ತಣಿಸದೆ ಸೈಲೋಗೆ, ಅಂದ್ರೆ ತುಂಬಿಡುವ ದೊಡ್ಡ ಡಬ್ಬಿಗೆ, ಹಾಕಬಾರ್ದು.

ಬಿಸಿಲಲ್ಲಿ ಒಣಗಿಸಬಹುದಾ ಅಂತ ಕೇಳ್ತೀರಿ, ಅಡಿಕೆಗೆ ಮಾಡುವ ಹಾಗೆ ಪಾರದರ್ಶಕ ಶೀಟಿನ ಗೂಡಲ್ಲಿ ತೆಳ್ಳಗೆ ಹರಡಿ ದಿನಾ ಮಗುಚಿದ್ರೆ ಡಿಸೆಂಬರಿಂದ ಮೇ ತನಕ ಚೆನ್ನಾಗಿ ಒಣಗ್ತದೆ. ಜೂನಿಂದ ಆಚೆಗೆ ದೇವರೇ ಗತಿ, ಮತ್ತೆ ನೆರೆಮನೆಯವರು ವಾಸನೆಗೆ ಬಂದು ಮಾತಾಡುದು ಹನ್ನೆರಡು ತಿಂಗಳೂ ಇರ್ತದೆ.

ಫರ್ನೇಸಿಗೆ ಹಾಕುವ ಕ್ರಮ

ಇಲ್ಲಿ ನಾನು ಕಲ್ತದ್ದು ಒಂದು ಪೆರ್ನಾಲ್ (ಈದ್) ರಜೆಯಲ್ಲಿ. ಎರಡು ದಿನ ಸ್ಲಡ್ಜ್ ಲಾರಿ ಬಂದಿರ್ಲಿಲ್ಲ, ಮೂರನೇ ದಿನ ಎಲ್ಲ ಒಟ್ಟಿಗೆ ಬಂದು ಬಂಕರಲ್ಲಿ, ಅಂದ್ರೆ ಕಸ ತುಂಬುವ ಗುಂಡಿಯಲ್ಲಿ, ಒಂದೇ ಮೂಲೆಗೆ ಸುರಿದು ಹೋದ್ರು. ಕ್ರೇನಿನವ ಹೊಸಬ, ಬೆರೆಸದೆ ಆ ಮೂಲೆಯಿಂದಲೇ ನಾಲ್ಕು ಗ್ರಾಬ್ ಎತ್ತಿ ಫರ್ನೇಸಿನ ಬಾಯಿಯ ಹಾಪರಿಗೆ ಹಾಕಿದ. ನಾನು ಸ್ಕ್ರೀನ್ ನೋಡ್ತಾ ಇದ್ದೆ, 880 ಇದ್ದದ್ದು 860, 850, ಹಬೆ ಇಳೀತಾ ಉಂಟು, ಕಾರ್ಬನ್ ಮೊನಾಕ್ಸೈಡ್ ಏರ್ತಾ ಉಂಟು. ನಾನು ಮಾಡಿದ ತಪ್ಪು ಎಂತ ಅಂದ್ರೆ ಒಲೆ ಊದುವ ಬುದ್ಧಿಯಲ್ಲಿ ಅಡಿಯಿಂದ ಗಾಳಿ ಜಾಸ್ತಿ ಮಾಡಿದೆ, ತಣ್ಣನೆ ಗಾಳಿ ನುಗ್ಗಿ ಇನ್ನೂ ಕೆಳಗೆ ಹೋಯ್ತು. ಆಮೇಲೆ ಸಹಾಯಕ ಬರ್ನರ್ ತಾನಾಗಿ ಹತ್ತಿತು, ಬೆಳಿಗ್ಗೆ ತನಕ ಡೀಸೆಲ್ ಕುಡೀತು. ಆ ತಿಂಗಳು ಸ್ಲಡ್ಜಿಂದ ಉಳಿತಾಯ ಅಂತ ರಿಪೋರ್ಟಲ್ಲಿ ಬರೆದದ್ದೆಲ್ಲ ಆ ಒಂದೇ ರಾತ್ರಿಗೆ ಹೋಯ್ತು. ಬೆಳಿಗ್ಗೆ ಬೂದಿಯಲ್ಲಿ ಕಪ್ಪು ಕಪ್ಪು ಉಂಡೆ, ಒಡೆದು ನೋಡಿದ್ರೆ ಕೆಂಡದಲ್ಲಿ ಅವಸರಕ್ಕೆ ಸುಟ್ಟ ಗೆಣಸಿನ ಹಾಗೆ, ಹೊರಗೆ ಕರಟಿದೆ ಒಳಗೆ ಹಸಿ.

ಹಾಗಾಗಿ ಕ್ರಮ ಹೀಗೆ. ಸ್ಲಡ್ಜಿಗೆ ಬಂಕರಲ್ಲಿ ಬೇರೆ ಜಾಗ ಕೊಡಿ. ಕ್ರೇನಿಂದ ಬೆರೆಸುದಾದ್ರೆ ಕಸದ ಮೇಲೆ ತೆಳ್ಳಗೆ ಉದುರಿಸಿ ಎರಡು ಮೂರು ಸಲ ಎತ್ತಿ ಎತ್ತಿ ಹಾಕಿ, ಚಕ್ಕುಲಿ ಹಿಟ್ಟಿಗೆ ಬೆಣ್ಣೆ ಬೆರೆಸುವಷ್ಟು ತಾಳ್ಮೆ ಬೇಕು. ಇನ್ನೂ ಒಳ್ಳೇದು ಬೇರೆ ಪೈಪಲ್ಲಿ ಪಿಸ್ಟನ್ ಪಂಪ್ ಇಟ್ಟು, ಕಾಂಕ್ರೀಟ್ ಪಂಪ್ ನೋಡಿದ್ದೀರಲ್ಲ ಅದೇ ನಮೂನೆ, ಕೇಕನ್ನು ಸಣ್ಣ ಚೂರು ಮಾಡಿ ನೇರ ಉರಿಯುವ ಕಸದ ಮೇಲೆ ಚಿಮ್ಮಿಸುದು, ಇದರಲ್ಲಿ ಎಷ್ಟು ಹೋಗ್ತಾ ಉಂಟು ಅಂತ ಅಳತೆ ಸಿಗ್ತದೆ, ತೊಂದರೆ ಬಂದ ಕೂಡ್ಲೇ ನಿಲ್ಲಿಸ್ಲಿಕ್ಕೂ ಆಗ್ತದೆ. ಮೊದಲ ವಾರ ಶೇಕಡಾ 3ಕ್ಕಿಂತ ಮೇಲೆ ಹೋಗಬೇಡಿ, ಆಮೇಲೆ 5, ಆಮೇಲೆ 8, ಪ್ರತಿ ಮೆಟ್ಟಿಲಲ್ಲೂ ಎರಡು ಮೂರು ದಿನ ನಿಂತು ಹಬೆ, ಬಿಸಿ, ಬೂದಿ ನೋಡಿ. ಹಸಿ ಕೇಕಾದ್ರೆ ಹತ್ತರ ಆಸುಪಾಸಿಗೇ ಎಲ್ಲರೂ ನಿಲ್ಲುದು. ಅಡಿಯಿಂದ ಕೊಡುವ ಗಾಳಿಯನ್ನು 120-150 ಡಿಗ್ರಿಗೆ ಮೊದಲೇ ಬಿಸಿ ಮಾಡಿ, ಹಸಿ ಇಂಧನಕ್ಕೆ ಇದರಷ್ಟು ಒಳ್ಳೆ ಮದ್ದು ಬೇರೆ ಇಲ್ಲ.

ಬಿಸಿ ಇಳಿದ್ರೆ ಮೊದಲು ಸ್ಲಡ್ಜ್ ನಿಲ್ಲಿಸಿ. ಗಾಳಿಗೆ ಕೈ ಹಾಕುದು ಆಮೇಲೆ.

ಹೊಗೆ ಮತ್ತು ಬೂದಿ

2016ರ ನಿಯಮದಲ್ಲಿ ಎರಡು ಕೋಣೆಯ ಇನ್ಸಿನರೇಟರ್ ಆದ್ರೆ ಎರಡನೇ ಕೋಣೆಯಲ್ಲಿ ಕನಿಷ್ಠ 950 ಡಿಗ್ರಿ, ಹೊಗೆ ಅಲ್ಲಿ 2 ಸೆಕೆಂಡಾದ್ರೂ ನಿಲ್ಲಬೇಕು ಅಂತ ಇತ್ತು, ಡಯಾಕ್ಸಿನ್ ಅನ್ನುವ ವಿಷ ಒಂದು ಕ್ಯೂಬಿಕ್ ಮೀಟರಿಗೆ 0.1 ನ್ಯಾನೋಗ್ರಾಂ ದಾಟಬಾರ್ದು ಅಂತಲೂ ಇತ್ತು. ಬೂದಿಯಲ್ಲಿ ಸುಡದೆ ಉಳಿದ ಕಾರ್ಬನ್ ಶೇಕಡಾ 3ಕ್ಕಿಂತ ಕಡಿಮೆ ಇರಬೇಕು ಅಂತಿತ್ತು, ಗೆಣಸಿನ ಹಾಗಿನ ಉಂಡೆ ಬಂದ್ರೆ ಇದು ಫೇಲ್. ಸ್ಲಡ್ಜಲ್ಲಿ ನೈಟ್ರೋಜನ್, ಗಂಧಕ ಕಸಕ್ಕಿಂತ ಜಾಸ್ತಿ, ಪಾದರಸವೂ ಸ್ವಲ್ಪ ಇರ್ತದೆ, ಹಾಗಾಗಿ ಹೊಗೆ ತೊಳೀಲಿಕ್ಕೆ ಸುಣ್ಣ, ಆಕ್ಟಿವೇಟೆಡ್ ಕಾರ್ಬನ್, ಬ್ಯಾಗ್ ಫಿಲ್ಟರ್ ಇಲ್ಲದ ಪ್ಲಾಂಟಿಗೆ ಸ್ಲಡ್ಜ್ ಹಾಕುವ ಮಾತೇ ಬೇಡ. ಒಂದು ತಮಾಷೆ ಎಂತ ಗೊತ್ತುಂಟಾ, ಆ ಗಂಧಕದಿಂದ ಒಂದು ಉಪಕಾರವೂ ಉಂಟು, ಕಸದಲ್ಲಿರುವ ಉಪ್ಪು, ಪಿವಿಸಿಯ ಕ್ಲೋರಿನ್ ಬಾಯ್ಲರ್ ಪೈಪನ್ನು ತಿಂತದೆ, ಗಂಧಕ ಆ ಕ್ಲೋರೈಡನ್ನು ಸಲ್ಫೇಟ್ ಮಾಡಿ ಹಾಕ್ತದೆ, ಪೈಪ್ ತುಕ್ಕು ಕಡಿಮೆ. ಹದವಾಗಿ ಹಾಕಿದ್ರೆ ಮಾತ್ರ.

ಬೂದಿಯ ವಿಷಯದಲ್ಲಿ ನನಗೆ ನಿಜವಾಗಿ ಬೇಜಾರು ಉಂಟು. ಸ್ಲಡ್ಜ್ ಒಂದನ್ನೇ ಸುಟ್ರೆ ಆ ಬೂದಿಯಲ್ಲಿ ರಂಜಕ ಭರ್ಜರಿ ಇರ್ತದೆ, ನೂರು ಕಿಲೋದಲ್ಲಿ 5ರಿಂದ 10 ಕಿಲೋ, ನಾವು ತೋಟಕ್ಕೆ ದುಡ್ಡು ಕೊಟ್ಟು ಹಾಕುವ ರಾಕ್ ಫಾಸ್ಫೇಟಿನ ಅದೇ ರಂಜಕ. ಮನೆ ಕಸದ ಜೊತೆ ಸುಟ್ರೆ ಅದು ಗಾಜು, ಮಣ್ಣು, ಆಣಿಯ ಬೂದಿಯಲ್ಲಿ ಕಲಸಿ ಹೋಗ್ತದೆ, ವಾಪಸ್ ತೆಗೀಲಿಕ್ಕೆ ಇಲ್ಲ. ಅದಕ್ಕೇ ಜರ್ಮನಿಯವರು 2017ರಲ್ಲಿ ನಿಯಮ ತಂದು 2029ರಿಂದ ದೊಡ್ಡ ಪ್ಲಾಂಟ್‌ಗಳು ರಂಜಕ ವಾಪಸ್ ತೆಗೀಲೇಬೇಕು ಅಂತ ಮಾಡಿದ್ದು, ಒಟ್ಟಿಗೆ ಸುಡುದರಿಂದ ಅಲ್ಲಿ ಈಗ ಜನ ಹಿಂದೆ ಸರೀತಾ ಇದ್ದಾರೆ. ಶಕ್ತಿ ಉಳಿಸ್ಲಿಕ್ಕೆ ಹೋಗಿ ಗೊಬ್ಬರ ಕಳ್ಕೊಳ್ಳುದು ಅಂತ ಕಮಿಟಿಯಲ್ಲಿ ಹೇಳಿ ನೋಡಿ, ಅಡಿಕೆ ತೋಟ ಇರುವ ಮೆಂಬರಿಗೆ ಕೂಡ್ಲೇ ತಾಗ್ತದೆ.

ನಮ್ಮ ಊರಿಗೆ ಆಗ್ತದಾ

50 ಸಾವಿರ ಜನರ ಊರು ತಗೊಳ್ಳಿ. ಎಲ್ಲರ ಕೊಳಚೆ ನೀರೂ ಪ್ಲಾಂಟಿಗೆ ಬಂದ್ರೆ ತಲೆಗೆ ದಿನಕ್ಕೆ 50 ಗ್ರಾಂ ಒಣ ಸ್ಲಡ್ಜ್ ಅಂತ ಹಿಡಿದು ಎರಡೂವರೆ ಟನ್ನು, ಕೇಕ್ ರೂಪದಲ್ಲಿ 12.5 ಟನ್ನು. ಕಸ ತಲೆಗೆ 400 ಗ್ರಾಂ ಅಂದ್ರೆ 20 ಟನ್ನು. ಬೆರೆಸಿದ್ರೆ ಸ್ಲಡ್ಜಿನ ಪಾಲು 38 ಪರ್ಸೆಂಟ್! ಮೇಲೆ ಹತ್ತು ಅಂತ ಹೇಳಿದ್ದು ನೆನಪುಂಟಲ್ಲ. ಮತ್ತೆ ಆ 20 ಟನ್ನಲ್ಲಿ ಅರ್ಧದ ಮೇಲೆ ಹಸಿ ಕಸ, ಅದನ್ನು ಇಲ್ಲಿ ಮನೆಯಲ್ಲೇ ಗೊಬ್ಬರ ಮಾಡ್ಲಿಕ್ಕೆ ಹೇಳ್ತಾರೆ, ಪ್ಲಾಸ್ಟಿಕ್ ಹರಿತ ಕರ್ಮ ಸೇನೆಯ ಅಕ್ಕಂದಿರು ಮನೆ ಮನೆಯಿಂದ ಒಯ್ತಾರೆ, ಮರುಬಳಕೆ ಆಗದ್ದು ಸಿಮೆಂಟ್ ಕಾರ್ಖಾನೆಗೆ ಹೋಗ್ತದೆ. ಸುಡ್ಲಿಕ್ಕೆ ಉಳಿಯುದು ಎಷ್ಟು?

20 ಟನ್ನೂ ಸಿಕ್ಕಿತು, ಬೆರಕೆ 1,800ರದ್ದು ಅಂತಲೇ ಇಟ್ಕೊಳ್ಳಿ, ದಿನಕ್ಕೆ 42 ಸಾವಿರ ಯೂನಿಟಿನಷ್ಟು ಬಿಸಿ, ಸಣ್ಣ ಪ್ಲಾಂಟಲ್ಲಿ ಅದರ ಐದರಲ್ಲೊಂದು ಪಾಲು ಕರೆಂಟ್ ಆದ್ರೆ 8,400 ಯೂನಿಟ್, ಅಂದ್ರೆ 350 ಕಿಲೋವಾಟ್. ಅದರಲ್ಲಿ ಫ್ಯಾನ್, ಪಂಪ್, ಕ್ರೇನ್, ಹೊಗೆ ತೊಳೆಯುದು ಎಲ್ಲದಕ್ಕೂ ಕೊಡಬೇಕು. ಇಷ್ಟಕ್ಕೆ ಚಿಮಣಿ ಕಟ್ಟುದು ಪೊಕ್ಕಡೆ, ಸುಮ್ಮನೆ ದಂಡದ ಕೆಲಸ. ಗೇರು ತೋಟಕ್ಕೆ ಮೇಲಿಂದ ಸಿಂಪಡಿಸಿದ ಎಂಡೋಸಲ್ಫಾನ್ ವಿಷ ಕಂಡ ಜಿಲ್ಲೆ ಇದು, ಎಣ್ಮಕಜೆ ಕಡೆಯವರ ಹತ್ರ ಹೋಗಿ "ಗಾಳಿಯಲ್ಲಿ ಬರುದು ಏನೂ ಮಾಡುದಿಲ್ಲ" ಅಂತ ಹೇಳುವ ಧೈರ್ಯ ನನಗಿಲ್ಲ, ಹೇಳುವ ಮುಖವೂ ಯಾರಿಗೂ ಇಲ್ಲ.

ನಾನಾದ್ರೆ ಹೀಗೆ ಮಾಡ್ತೇನೆ. ಟ್ಯಾಂಕರಿನ ಕೆಸರು ಒಂದೇ ಕಡೆ ತಂದು ಹಿಂಡುದು, ಬೇಸಿಗೆಯಲ್ಲಿ ಶೀಟಿನ ಗೂಡಲ್ಲಿ 85ರ ಮೇಲೆ ಒಣಗಿಸಿ ತಣಿಸಿ ಚೀಲ ಕಟ್ಟುದು, ಪ್ಲಾಸ್ಟಿಕ್ ಒಯ್ಯುವ ಲಾರಿಯಲ್ಲೇ ಸಿಮೆಂಟ್ ಕಾರ್ಖಾನೆಗೆ, ಅವರು ಒಪ್ಪಿದ್ರೆ. ಅಲ್ಲಿ ಸಿಮೆಂಟ್ ಸುಡುವ ಕಿಲ್ನ್ (ಗೂಡು) 1,450 ಡಿಗ್ರಿಯಲ್ಲಿ ಮೊದಲೇ ಉರೀತಾ ಇರ್ತದೆ, ಬೂದಿ ಸಿಮೆಂಟಿಗೇ ಸೇರ್ತದೆ, ನಾವು ಕಳಿಸಿದ ಸ್ಲಡ್ಜಿನ ಕಾವಿನಷ್ಟು ಕಲ್ಲಿದ್ದಲು ಅಲ್ಲಿ ಕಡಿಮೆ. ರಂಜಕ ಇಲ್ಲೂ ಹೋಯ್ತು ಅಂತ ಗೊತ್ತುಂಟು, ಲ್ಯಾಬ್ ರಿಪೋರ್ಟಲ್ಲಿ ಭಾರ ಲೋಹ, ಹುಳದ ಮೊಟ್ಟೆ ಇಲ್ಲ ಅಂತ ಬಂದ್ರೆ ಸುಡದೆ ತೋಟಕ್ಕೇ ಹಾಕಿ ಅಂತ ಹೇಳುವವ ನಾನು.

ಯಾರಾದ್ರೂ ಪ್ರಪೋಸಲ್ ತಂದ್ರೆ ಬರವಣಿಗೆಯಲ್ಲಿ ನಾಲ್ಕು ಉತ್ತರ ಕೇಳಿ: ಕೇಕಿನ ಒಣ ಅಂಶ ಎಷ್ಟು, ಕಸದ ಸ್ಯಾಂಪಲ್ ಯಾವ ತಿಂಗಳದ್ದು, ಒಣಗಿಸುವ ಬಿಸಿ ಎಲ್ಲಿಂದ, ವರ್ಷಕ್ಕೆ ಸಹಾಯಕ ಬರ್ನರಿಗೆ ಎಷ್ಟು ಲೀಟರ್ ಡೀಸೆಲ್ ಹಿಡಿದಿದ್ದಾರೆ. ಕೊನೆಯದ್ದಕ್ಕೆ ಸೊನ್ನೆ ಅಂತ ಬರೆದಿದ್ರೆ ಚಾ ಕೊಟ್ಟು ಕಳಿಸಿ.

ನಮ್ಮ ಮೆಂಬರ್ ಬಾಟ್ಲಿ ತಂದಿದ್ರು, ಪೇಪರಲ್ಲಿ ಸುತ್ತಿ, ಸ್ಕೂಟರಿನ ಮುಂದೆ ಇಟ್ಕೊಂಡು. ಪರಿಚಯದ ಒಂದು ಲ್ಯಾಬಲ್ಲಿ 100 ಗ್ರಾಂ ಇಟ್ವಿ, ಮರುದಿನ ತಟ್ಟೆಯಲ್ಲಿ ಉಳಿದದ್ದು 2 ಗ್ರಾಂ. ಅವರು ತಟ್ಟೆಯದ್ದೊಂದು, ತಕ್ಕಡಿಯ ನಂಬರಿನದ್ದೊಂದು ಫೋಟೋ ತೆಗೆದ್ರು, ಬುಧವಾರ ಕಮಿಟಿ ಮೀಟಿಂಗ್ ಉಂಟಂತೆ.